ದಂತವೈದ್ಯರ ವಿಶ್ವಸಭೆ ಮತ್ತು ದವಡೆಯ ಕೀಲು

ಹಲ್ಲು ಅನ್ನವನ್ನು ಅರೆಯುವ ಸಾಧನವೆಂಬುದು ಎಲ್ಲರಿಗೂ ತಿಳಿದ ಸಂಗತಿ. ವ್ಯಾಕರಣವನ್ನು ಓದಿದವರಿಗೆ ಅದು ವರ್ಣೋತ್ಪತ್ತಿಯ ಸ್ಥಾನವೂ ಹೌದು. ತ, ಥ, ದ, ಧ, ನ ಎಂಬ ಐದು ಅಕ್ಷರಗಳಿಗೆ ದಂತ್ಯಗಳೆಂಬ ಹೆಸರು ಬಂದುದು ನಾಲಗೆಯ ತುದಿಯು ಮೇಲಿನ ಹಲ್ಲುಗಳ ಹಿಂಬದಿಯನ್ನು ಮುಟ್ಟಿದಾಗ ಅವು ಹುಟ್ಟುವುದರಿಂದ. ಮುಂದಿನ ಹಾಲುಹಲ್ಲು ಬಿದ್ದ ಮಗುವು ಸಕಾರವನ್ನು ಉಚ್ಚರಿಸಲು ಪಡುವ ಪಾಡನ್ನು ಕಂಡು ನಗದ ಮನೆಯಿಲ್ಲ. ಆದರೆ ಬಾಯಿ ತೆರೆಯದೆ ಯಾವ ಮಾತೂ ಹೊರಡದು. ಬಾಯನ್ನು ತೆರೆದು ಮುಚ್ಚುವ ಕೆಲಸವನ್ನು ಹೊತ್ತಿರುವುದು ಎರಡೂ ಕಿವಿಗಳ ಮುಂದೆ ಅಡಗಿರುವ ಎರಡು ಸಣ್ಣ ಕೀಲುಗಳು. ವಾಚಕರು ತಮ್ಮ ತೋರುಬೆರಳುಗಳನ್ನು ಕಿವಿಯ ಮುಂಭಾಗದಲ್ಲಿಟ್ಟು ಒಮ್ಮೆ ಬಾಯಿ ತೆರೆದು ಮುಚ್ಚಿದರೆ ಅವುಗಳ ಚಲನೆ ಬೆರಳಿಗೆ ತಾಗುತ್ತದೆ. ಮಾತು, ಊಟ, ಆಕಳಿಕೆ, ನಗು ಇವೆಲ್ಲಕ್ಕೂ ಇವೇ ಆಧಾರ. ಇಷ್ಟು ದುಡಿಯುವ ಈ ಕೀಲುಗಳ ನೆನಪು ನೋವು ಬಂದಾಗಲಲ್ಲದೆ ನಮಗೆ ಬರುವುದಿಲ್ಲ.

ಸೊಟ್ಟ ಹಲ್ಲುಗಳನ್ನು ಸಾಲಿಗೆ ತರುವ ವೈದ್ಯಶಾಖೆಗೆ ಆರ್ಥೊಡಾಂಟಿಕ್ಸ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ನೇರ ಎಂಬರ್ಥದ ಪದಕ್ಕೆ ಹಲ್ಲು ಎಂಬರ್ಥದ ಪದ ಸೇರಿ ಇದು ಆಗಿದೆ. ನಮ್ಮ ಮನೆಗಳಲ್ಲಿ ‘ಹಲ್ಲಿಗೆ ತಂತಿ ಹಾಕಿಸುವುದು’, ‘ಕ್ಲಿಪ್ಪು ಹಾಕಿಸುವುದು’ ಎಂದು ಕರೆಯುವುದು ಇದನ್ನೇ. ಈ ತಜ್ಞರು ಜಗತ್ತಿನ ಎಲ್ಲ ಕಡೆಗಳಿಂದ ಒಂದೆಡೆ ಕೂಡಿ, ತಮ್ಮ ಅನುಭವಗಳನ್ನು ಹಂಚಿಕೊಂಡು, ಪರಸ್ಪರ ಪ್ರಶ್ನಿಸುವ ಒಂದು ಮಹಾಸಭೆ ಇದೆ. ಆ ಸಭೆಯ ವಿಚಾರವನ್ನು ಈ ಪತ್ರಿಕೆಯ ಕುಟುಂಬಗಳ ಮುಂದಿಡಬೇಕೆಂದು ನಮಗೆ ಅನ್ನಿಸಿದುದಕ್ಕೆ ನಮ್ಮ ಮನೆಯ ಒಂದು ಹೆಣ್ಣುಮಗುವಿನ ಪ್ರಸಂಗವೇ ಕಾರಣ.

ಮೊದಲು ಸಭೆಯ ಇತಿಹಾಸವನ್ನು ಹೇಳುವುದು ಉಚಿತ. ಅಮೆರಿಕದ ಎಡ್ವರ್ಡ್ ಆಂಗಲ್ ಎಂಬ ವೈದ್ಯನು 1899ರಲ್ಲಿ ಹಲ್ಲುಗಳ ವಕ್ರತೆಯನ್ನು ಮೂರು ವರ್ಗಗಳಾಗಿ ವಿಂಗಡಿಸಿದನು. ಮೇಲಿನ ಮೊದಲ ದವಡೆಹಲ್ಲು ಕೆಳಗಿನ ಮೊದಲ ದವಡೆಹಲ್ಲಿನ ಮೇಲೆ ಎಲ್ಲಿ ಕೂಡುತ್ತದೆ ಎಂಬುದೇ ಆ ವಿಂಗಡಣೆಯ ಮೂಲ. ಶತಮಾನ ಕಳೆದರೂ ವೈದ್ಯರು ಇಂದಿಗೂ ಅದೇ ಪರಿಭಾಷೆಯಲ್ಲಿ ಮಾತಾಡುತ್ತಾರೆ. ಆತನು 1900ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಈ ಒಂದೇ ವಿದ್ಯೆಗೆ ಮೀಸಲಾದ ಶಾಲೆಯನ್ನು ತೆರೆದನು. 1907ರಲ್ಲಿ ಬರ್ಲಿನ್ನಿನಲ್ಲಿ ಯುರೋಪಿನ ತಜ್ಞರ ಸಂಘವು ಹುಟ್ಟಿತು. ಮೊದಲನೆಯ ಅಂತಾರಾಷ್ಟ್ರೀಯ ಮಹಾಸಭೆ 1926ರಲ್ಲಿ ನ್ಯೂಯಾರ್ಕಿನಲ್ಲಿಯೂ, ಎರಡನೆಯದು 1931ರಲ್ಲಿ ಲಂಡನ್ನಿನಲ್ಲಿಯೂ ಸೇರಿದವು. ಅನಂತರ ಮಹಾಯುದ್ಧದ ಕಾಲ ಬಂದಿತು. ಮೂರನೆಯ ಸಭೆ ಲಂಡನ್ನಿನಲ್ಲಿ ಸೇರುವ ಹೊತ್ತಿಗೆ 1973 ಆಗಿತ್ತು. ನಾಲ್ಕನೆಯದು 1995ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ನಡೆದಾಗ, ಮೇ 15ರಂದು, ಈ ತಜ್ಞರ ವಿಶ್ವ ಒಕ್ಕೂಟವು ಸ್ಥಾಪನೆಯಾಯಿತು. ಅಂದಿನಿಂದ ಐದು ವರ್ಷಕ್ಕೊಮ್ಮೆ ಷಿಕಾಗೋ, ಪ್ಯಾರಿಸ್, ಸಿಡ್ನಿ, ಲಂಡನ್ ನಗರಗಳಲ್ಲಿ ಸಭೆ ತಪ್ಪದೆ ಕೂಡಿತು. ಭಾರತದ ತಜ್ಞರ ಸಂಘವು ಸ್ಥಾಪನೆಯಾದುದು 1965ರಲ್ಲಿ.

ಒಂಬತ್ತನೆಯ ಸಭೆಯು 2020ರ ಅಕ್ಟೋಬರಿನಲ್ಲಿ ಜಪಾನಿನ ಯೊಕೊಹಾಮಾದಲ್ಲಿ ನಡೆಯಬೇಕಾಗಿತ್ತು. ಕೊರೊನಾ ಪಿಡುಗಿನ ಕಾರಣ ವಿಮಾನಗಳು ನಿಂತವು, ಸಭೆಯು ಆನ್‌ಲೈನ್ ಮೂಲಕವೇ ನಡೆಯಿತು. ಹುಬ್ಬಳ್ಳಿಯಲ್ಲಿ ಈ ವೃತ್ತಿಯನ್ನೇ ನಡೆಸುತ್ತಿರುವ ನಮ್ಮ ತಮ್ಮನ ಮಗನು ಅದಕ್ಕೆ ಪ್ರತಿನಿಧಿಯಾಗಿ ಹೆಸರು ನೋಂದಾಯಿಸಿದ್ದನು. ಆಗ ನಾವೂ ಊರಿಗೆ ಮರಳಲಾರದೆ ಆತನ ಮನೆಯಲ್ಲಿಯೇ ಇದ್ದೆವು. ಆತನು ನಡುಮನೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಾಗ ನಾವೂ ಪಕ್ಕದ ಕುರ್ಚಿಯಲ್ಲಿ ಕುಳಿತೆವು. ಬರುತ್ತಿದ್ದ ಮಾತುಗಳ ಪರಿಭಾಷೆ ನಮಗೆ ಅರ್ಥವಾಗುವಂತಹುದಲ್ಲ. ಊಟದ ಹೊತ್ತಿನಲ್ಲಿ ಆತನು ಬಿಡಿಸಿ ಹೇಳಿದಾಗ ಮಾತ್ರ ಒಂದು ಸಂಗತಿ ನಮ್ಮ ಮನಸ್ಸಿಗೆ ನಾಟಿತು. “ದೊಡ್ಡಪ್ಪ, ನಮ್ಮ ವಿದ್ಯೆಯೊಳಗ ಹೊಸಾ ಯಂತ್ರ ದಿನಾ ಒಂದು ಬರ್ತಾವ. ಆದರ ಯಾವುದು ಮಾಡಬಾರದು ಅಂತ ಎಲ್ಲಾರೂ ಕೂಡಿ ಒಪ್ಪೋದಕ್ಕ ನೂರು ವರ್ಷ ಹಿಡೀತು” ಎಂದನು.

ಈ ಮಾತಿನ ಬೆಲೆ ತಿಳಿಯಬೇಕಾದರೆ ಹಲ್ಲು ಹೇಗೆ ಚಲಿಸುತ್ತದೆ ಎಂಬುದನ್ನು ಅರಿಯಬೇಕು. ಗೋಡೆಯೊಳಗೆ ಬಡಿದ ಮೊಳೆಯಂತೆ ಹಲ್ಲು ಎಲುಬಿನೊಳಗೆ ನೆಟ್ಟುಕೊಂಡಿಲ್ಲ. ಬೇರಿಗೂ ಎಲುಬಿಗೂ ನಡುವೆ ಸುಮಾರು ಕಾಲು ಮಿಲಿಮೀಟರ್ ದಪ್ಪದ, ರಕ್ತನಾಳಗಳಿಂದ ತುಂಬಿದ ಒಂದು ನಾರುಪೊರೆ ಇದೆ. ತಂತಿಯು ಹಲ್ಲನ್ನು ಒಂದು ದಿಕ್ಕಿಗೆ ಮೆಲ್ಲನೆ ಒತ್ತಿದಾಗ ಆ ದಿಕ್ಕಿನ ಪೊರೆ ಅದುಮುತ್ತದೆ, ಹಿಂದಿನ ಪೊರೆ ಹಿಗ್ಗುತ್ತದೆ. ಅದುಮಿದ ಕಡೆಯಲ್ಲಿ ಎಲುಬನ್ನು ಕರಗಿಸುವ ಜೀವಕೋಶಗಳು ಬಂದು ದಾರಿ ಬಿಡಿಸುತ್ತವೆ. ಹಿಗ್ಗಿದ ಕಡೆಯಲ್ಲಿ ಎಲುಬನ್ನು ಕಟ್ಟುವ ಜೀವಕೋಶಗಳು ಬಂದು ಬಿಟ್ಟ ಜಾಗವನ್ನು ತುಂಬುತ್ತವೆ. ತಂತಿಯು ಕೇವಲ ಸೂಚನೆಯನ್ನು ಕೊಡುತ್ತದೆ; ಕೆಲಸವನ್ನು ಮಾಡುವುದು ದೇಹವೇ. ಆದುದರಿಂದ ಹಲ್ಲಿನ ನಡಿಗೆ ತಿಂಗಳಿಗೆ ಸರಾಸರಿ ಒಂದು ಮಿಲಿಮೀಟರಿನ ಆಸುಪಾಸು. ಅವಸರದವರಿಗೆ ಈ ವಿದ್ಯೆಯಲ್ಲಿ ಸ್ಥಳವಿಲ್ಲ.

ಹೆಚ್ಚು ಒತ್ತಿದರೆ ಹೆಚ್ಚು ಬೇಗ ಸರಿಯುವುದಲ್ಲವೆ ಎಂಬ ಪ್ರಶ್ನೆ ಯಾರಿಗಾದರೂ ಏಳುತ್ತದೆ. ಕಾರ್ಲ್ ಸ್ಯಾಂಡ್‌ಸ್ಟೆಡ್ ಎಂಬ ಸ್ವೀಡನ್ನಿನ ವಿದ್ವಾಂಸನು 1904ರ ಹೊತ್ತಿಗೇ ನಾಯಿಗಳ ಹಲ್ಲಿನ ಮೇಲೆ ಪ್ರಯೋಗ ಮಾಡಿ ಇದಕ್ಕೆ ಉತ್ತರವನ್ನು ಕಂಡಿದ್ದನು. ಬಲವು ಮಿತಿಮೀರಿದಾಗ ಪೊರೆಯ ರಕ್ತನಾಳಗಳು ಮುಚ್ಚಿಹೋಗಿ ಆ ಭಾಗವು ನಿರ್ಜೀವವಾಗುತ್ತದೆ. ಎಲುಬನ್ನು ಕರಗಿಸಬೇಕಾದ ಕೋಶಗಳು ಮುಂದಿನಿಂದ ಬರಲಾರದೆ ಎಲುಬಿನ ಒಳಗಿನಿಂದ ಸುತ್ತುಹಾಕಿ ಬರಬೇಕಾಗುತ್ತದೆ. ಅಷ್ಟು ದಿನ ಹಲ್ಲು ಅಲುಗದೆ ನಿಲ್ಲುತ್ತದೆ, ನೋವು ಹೆಚ್ಚುತ್ತದೆ, ಕೆಲವೊಮ್ಮೆ ಬೇರಿನ ತುದಿಯೂ ಸವೆಯುತ್ತದೆ. 1932ರಲ್ಲಿ ಶ್ವಾರ್ಟ್ಸ್ ಎಂಬ ವಿದ್ವಾಂಸನು ಉತ್ತಮವಾದ ಒತ್ತಡವು ಸೂಕ್ಷ್ಮ ರಕ್ತನಾಳಗಳ ಒತ್ತಡವನ್ನು ಮೀರಬಾರದೆಂದು, ಅಂದರೆ ಒಂದು ಚದರ ಸೆಂಟಿಮೀಟರಿಗೆ 20ರಿಂದ 26 ಗ್ರಾಂ ಎಂದು, ಲೆಕ್ಕ ಹೇಳಿದನು. ಅಂಕೆಯ ವಿಷಯದಲ್ಲಿ ಚರ್ಚೆಗಳಿದ್ದರೂ ತತ್ತ್ವವು ಸ್ಥಿರವಾಗಿ ನಿಂತಿದೆ. ಹಗುರವಾದ ಬಲ ಮತ್ತು ದೀರ್ಘವಾದ ಕಾಲ, ಇವೆರಡೇ ಇಲ್ಲಿಯ ಸೂತ್ರ.

ಉಪಕರಣಗಳ ಚರಿತ್ರೆಯೆಲ್ಲ ಈ ಸೂತ್ರವನ್ನು ಸಾಧಿಸುವ ಪ್ರಯತ್ನವೇ ಆಗಿದೆ. ಆಸ್ಟ್ರೇಲಿಯಾದ ಅಡಿಲೇಡ್ ನಗರದ ರೇಮಂಡ್ ಬೆಗ್, ಆಂಗಲ್ಲನ ಬಳಿ ಓದಿ ಬಂದು, ವಿಲ್ಕಾಕ್ ಎಂಬ ಲೋಹತಜ್ಞನ ನೆರವಿನಿಂದ ತೆಳ್ಳಗೆ ಬಳುಕುವ ಉಕ್ಕಿನ ತಂತಿಯನ್ನು ಸಿದ್ಧಪಡಿಸಿದನು. ಭಾರತದ ದಂತವೈದ್ಯ ಕಾಲೇಜುಗಳಲ್ಲಿ ಬಹುಕಾಲ ಪಾಠವಾಗುತ್ತಿದ್ದುದು ಈ ಬೆಗ್ ಪದ್ಧತಿಯೇ. 1955ರಲ್ಲಿ ಬ್ಯುವೊನೊಕೋರ್ ಎಂಬಾತನು ಹಲ್ಲಿನ ಹೊರಪದರಕ್ಕೆ ಆಮ್ಲವನ್ನು ಸವರಿ ಅಂಟು ಹಿಡಿಸುವ ಕ್ರಮವನ್ನು ತೋರಿಸಿದನು; ಅದರಿಂದ ಪ್ರತಿ ಹಲ್ಲಿಗೂ ಲೋಹದ ಪಟ್ಟಿ ಸುತ್ತುವ ಕಷ್ಟ ತಪ್ಪಿ, ಸಣ್ಣ ಬ್ರಾಕೆಟ್ಟನ್ನು ನೇರವಾಗಿ ಅಂಟಿಸುವ ಕಾಲ ಬಂದಿತು. ಅಮೆರಿಕದ ನೌಕಾದಳದ ಪ್ರಯೋಗಾಲಯದಲ್ಲಿ ಹುಟ್ಟಿದ ನಿಕಲ್ ಮತ್ತು ಟೈಟಾನಿಯಂ ಮಿಶ್ರಲೋಹವು 1970ರ ದಶಕದಲ್ಲಿ ಬಾಯೊಳಗೆ ಪ್ರವೇಶಿಸಿತು. ಎಷ್ಟು ಬಾಗಿಸಿದರೂ ತನ್ನ ಮೊದಲಿನ ಆಕಾರಕ್ಕೆ ಮೆಲ್ಲನೆ ಮರಳುವುದು ಅದರ ಗುಣ. 1972ರಲ್ಲಿ ಲಾರೆನ್ಸ್ ಆಂಡ್ರೂಸ್, ಚಿಕಿತ್ಸೆ ಪಡೆಯದೆಯೇ ಸಹಜವಾಗಿ ಚೆನ್ನಾಗಿದ್ದ 120 ಬಾಯಿಗಳ ಅಚ್ಚುಗಳನ್ನು ಅಳೆದು, ಉತ್ತಮ ದಂತಪಂಕ್ತಿಯ ಆರು ಲಕ್ಷಣಗಳನ್ನು ಹೇಳಿದನು. ನಿಸರ್ಗವು ತಾನಾಗಿ ಒಪ್ಪವಾಗಿ ಮಾಡಿದುದನ್ನು ನೋಡಿ ಕಲಿಯುವ ವಿನಯ ಆ ಕಾರ್ಯದಲ್ಲಿದೆ.

ಇನ್ನು ನಮ್ಮ ಮನೆಯ ಪ್ರಸಂಗ. ತಮ್ಮನ ಮಗಳ ಮಗಳು ಆಗ ಹದಿನೈದು ವರ್ಷದವಳು. ಮೇಲಿನ ಹಲ್ಲುಗಳು ಮುಂದಕ್ಕೆ ಉಬ್ಬಿದ್ದವು. ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುವುದು ಅವಳಿಗೆ ಅಭ್ಯಾಸವಾಗಿತ್ತು. ಅದರ ಜೊತೆಗೆ, ಬಾಯಿ ಅಗಲಿಸಿದಾಗ ಬಲಗಿವಿಯ ಮುಂದೆ ‘ಕಟ್’ ಎಂಬ ಸದ್ದು ಬರುತ್ತಿತ್ತು; ನೋವು ಇರಲಿಲ್ಲ. ಅವರ ಊರಿನ ಒಂದು ಚಿಕಿತ್ಸಾಲಯದಲ್ಲಿ ತೋರಿಸಿದಾಗ, ಹಲ್ಲುಗಳ ಕಚ್ಚು ಸರಿಯಿಲ್ಲದುದರಿಂದಲೇ ಕೀಲು ಜಾರುತ್ತಿದೆ, ಎಲ್ಲ ಹಲ್ಲುಗಳನ್ನೂ ಉಜ್ಜಿ ತೊಡುಗೆ ಹಾಕಿ ದವಡೆಯನ್ನು ಹೊಸ ಜಾಗಕ್ಕೆ ಕೂಡಿಸಬೇಕು, ತಡಮಾಡಿದರೆ ಇಪ್ಪತ್ತು ತುಂಬುವುದರೊಳಗೆ ಬಾಯಿಯೇ ಬಿಗಿದುಕೊಳ್ಳುತ್ತದೆ ಎಂದು ಹೇಳಿದರಂತೆ. ಕೇಳಿದ ಹಣ ಆ ಮನೆಯ ಒಂದು ವರ್ಷದ ಉಳಿತಾಯಕ್ಕೂ ಮಿಗಿಲಾಗಿತ್ತು. ಇತ್ತ ಅವಳ ಅಜ್ಜಿ, ಮೇಲಿನ ಹಲ್ಲು ಮುಟ್ಟಿಸಿದರೆ ಕಣ್ಣಿನ ದೃಷ್ಟಿಗೆ ಕುತ್ತು ಎಂದು ಕಣ್ಣೀರು ಹಾಕುತ್ತಿದ್ದರು. ಅಪಾಯದ ಭಯ ಒಂದು ಕಡೆ, ಚಿಕಿತ್ಸೆಯ ಭಯ ಇನ್ನೊಂದು ಕಡೆ. ಹಿರಿಯರೆಂದು ನಮ್ಮನ್ನು ಕೇಳಿದರು. ಸೋದರಮಾವನೇ ವೈದ್ಯನಾದರೂ, ಸ್ವಂತದವನು ಖರ್ಚು ತಪ್ಪಿಸಲು ಹಗುರ ಮಾಡಿ ಹೇಳುತ್ತಿದ್ದಾನೋ ಏನೋ ಎಂಬ ಅನುಮಾನ ಅವಳ ತಂದೆಗೆ ಇದ್ದಿತು.

ಆಗ ತಮ್ಮನ ಮಗನು ತನ್ನ ಅಭಿಪ್ರಾಯವನ್ನು ಹೇಳುವ ಬದಲು ತನ್ನ ವಿದ್ಯೆಯ ಸಭೆಗಳಲ್ಲಿ ನಡೆದ ಎರಡು ವಾದಗಳ ಕಥೆಯನ್ನು ಹೇಳಿದನು. ಆ ಎರಡು ಕಥೆಗಳು ನಮ್ಮನ್ನು ಹಿಡಿದು ನಿಲ್ಲಿಸಿದವು.

ಮೊದಲನೆಯದು ಹಲ್ಲು ಕೀಳುವ ವಾದ. ಬಾಯಿಯಲ್ಲಿ ಜಾಗ ಸಾಲದೆ ಹಲ್ಲುಗಳು ಒತ್ತೊತ್ತಾಗಿ ಬಂದಾಗ ಒಂದೆರಡನ್ನು ತೆಗೆದು ಉಳಿದವುಗಳಿಗೆ ಎಡೆ ಮಾಡಿಕೊಡಬಹುದೆ? ಆಂಗಲ್ಲನು ಕೂಡದು ಎಂದನು. ಎಲ್ಲ ಹಲ್ಲುಗಳೂ ಉಳಿದು ಸರಿಯಾಗಿ ಕೂಡಿದರೆ ಮುಖದ ಸೌಂದರ್ಯವೂ ತಾನಾಗಿ ಕೂಡಿಬರುತ್ತದೆ ಎಂಬುದು ಆತನ ಸಿದ್ಧಾಂತ. ಕಾಲ್ವಿನ್ ಕೇಸ್ ಎಂಬ ವೈದ್ಯನು 1911ರಲ್ಲಿ ತುಂಬಿದ ಸಭೆಯಲ್ಲಿ ಇದನ್ನು ವಿರೋಧಿಸಿ, ಕೆಲವು ರೋಗಿಗಳಿಗೆ ಹಲ್ಲು ತೆಗೆಯುವುದು ಅನಿವಾರ್ಯವೆಂದು ವಾದಿಸಿದನು. ಅಂದು ಗೆದ್ದುದು ಆಂಗಲ್ಲನ ಪಕ್ಷ. ಮುಂದೆ ಆಂಗಲ್ಲನ ಶಿಷ್ಯನೇ ಆದ ಚಾರ್ಲ್ಸ್ ಟ್ವೀಡ್ ಗುರುವಿನ ಮಾತಿನಂತೆ ಹಲವು ವರ್ಷ ಚಿಕಿತ್ಸೆ ಮಾಡಿದನು. ತಾನೇ ಮುಗಿಸಿದ ರೋಗಿಗಳನ್ನು ಮತ್ತೆ ಕರೆಸಿ ನೋಡಿದಾಗ ಅನೇಕರ ಹಲ್ಲುಗಳು ಹಿಂದಿನಂತೆಯೇ ಸೊಟ್ಟಗಾಗಿದ್ದವು, ತುಟಿಗಳು ಮುಂದಕ್ಕೆ ಉಬ್ಬಿದ್ದವು. ಆತನು ಅವರಿಂದ ಹಣ ಪಡೆಯದೆ, ಸಣ್ಣ ದವಡೆಹಲ್ಲು ನಾಲ್ಕನ್ನು ತೆಗೆದು, ಮರಳಿ ಚಿಕಿತ್ಸೆ ಮಾಡಿದನು. 1940ರಲ್ಲಿ ಷಿಕಾಗೋ ನಗರದ ಸಭೆಯಲ್ಲಿ ಅಂತಹ 100 ರೋಗಿಗಳ ದಾಖಲೆಗಳನ್ನು, ಮೊದಲಿನದು ಮತ್ತು ನಂತರದ್ದು ಎಂದು, ಎಲ್ಲರ ಮುಂದೆ ಹರವಿದನು.

ನಾವು ಮಠದ ಪಾಠಶಾಲೆಯಲ್ಲಿ ತರ್ಕವನ್ನು ಓದುತ್ತಿದ್ದಾಗ ವರ್ಷಕ್ಕೊಮ್ಮೆ ವಾಕ್ಯಾರ್ಥಸಭೆ ಸೇರುತ್ತಿತ್ತು. ಚರ್ಚೆಯು ಮೂರು ಬಗೆಯೆಂದು ನ್ಯಾಯಶಾಸ್ತ್ರ ಹೇಳುತ್ತದೆ. ತತ್ತ್ವವನ್ನು ನಿಶ್ಚಯಿಸಲು ನಡೆಯುವುದು ವಾದ, ಗೆಲ್ಲಬೇಕೆಂದೇ ನಡೆಯುವುದು ಜಲ್ಪ, ಸ್ವಂತ ಪಕ್ಷವಿಲ್ಲದೆ ಕೇವಲ ಎದುರಾಳಿಯನ್ನು ಖಂಡಿಸುವುದು ವಿತಂಡಾ. ಗುರುವಿನ ಎದುರು ಶಿಷ್ಯನು ಪೂರ್ವಪಕ್ಷವನ್ನು ಹೂಡಿದರೆ ಅದು ಅವಿನಯವಲ್ಲ, ಪ್ರಮಾಣವಿರಬೇಕು ಅಷ್ಟೆ ಎಂದು ನಮ್ಮ ಅಧ್ಯಾಪಕರು ಹೇಳುತ್ತಿದ್ದರು. ಟ್ವೀಡನ ಕಥೆಯನ್ನು ಕೇಳಿದಾಗ ನಮಗೆ ಆ ಮಾತು ನೆನಪಾಯಿತು. ಆತನು ಗುರುನಿಂದೆ ಮಾಡಲಿಲ್ಲ. ಗುರು ಕೊಟ್ಟ ಉಪಕರಣದಿಂದಲೇ ಕೆಲಸ ಮಾಡಿ, ತನ್ನ ಕೈಯಲ್ಲಿಯೇ ಕೆಟ್ಟುದನ್ನು ಪ್ರಮಾಣವಾಗಿ ಸಭೆಯ ಮುಂದಿಟ್ಟನು. ಯಾವ ವಿದ್ಯೆಯಲ್ಲಿಯೂ ಇದಕ್ಕಿಂತ ದೊಡ್ಡ ಪ್ರಾಮಾಣಿಕತೆ ಇರಲಾರದು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಟ್ವೀಡ್ ಮತ್ತು ಬೆಗ್ ಇಬ್ಬರ ಪ್ರಭಾವದಿಂದ ಹಲ್ಲು ತೆಗೆಯುವುದು ಒಂದು ಕಾಲಕ್ಕೆ ಅತಿಯಾಯಿತು; ಮುಂದೆ ಮತ್ತೆ ತಗ್ಗಿತು. ಇಂದು ಇದಮಿತ್ಥಂ ಎಂಬ ಒಂದೇ ನಿಯಮವನ್ನು ಯಾರೂ ಹೇಳುವುದಿಲ್ಲ. ಪ್ರತಿಯೊಂದು ಮುಖವನ್ನು, ಎಲುಬನ್ನು, ವಸಡನ್ನು ನೋಡಿ ನಿರ್ಣಯಿಸುತ್ತಾರೆ.

ಎರಡನೆಯ ವಾದ ಕೀಲಿನದು. ಇದು ನಮ್ಮ ಹುಡುಗಿಗೆ ನೇರವಾಗಿ ಸಂಬಂಧಿಸಿದುದು. ದವಡೆಯ ಕೀಲು ದೇಹದ ಇತರ ಕೀಲುಗಳಂತಲ್ಲ. ಒಂದೇ ಎಲುಬಿನ ಎರಡು ತುದಿಗಳು ಎರಡು ಕಡೆ ಕೂಡಿರುವುದರಿಂದ ಎಡದ ಕೀಲು ಅಲುಗದೆ ಬಲದ ಕೀಲು ಅಲುಗದು. ಬಾಯಿ ತೆರೆಯತೊಡಗಿದಾಗ ಎಲುಬಿನ ಗುಬುಟು ಮೊದಲು ತಿರುಗುತ್ತದೆ, ಬಳಿಕ ಮುಂದಕ್ಕೆ ಜಾರುತ್ತದೆ. ನಡುವೆ ನಾರಿನಿಂದಾದ ಒಂದು ಸಣ್ಣ ಬಿಲ್ಲೆ ದಿಂಬಿನಂತೆ ಇದ್ದು ಜೊತೆಯಲ್ಲಿಯೇ ಸರಿಯುತ್ತದೆ. ಆ ಬಿಲ್ಲೆ ಸ್ವಲ್ಪ ಮುಂದಕ್ಕೆ ಜಾರಿದ್ದರೆ, ಬಾಯಿ ತೆರೆಯುವಾಗ ಗುಬುಟು ಅದರ ಮೇಲೆ ಹತ್ತಿ ಕೂಡುತ್ತದೆ. ‘ಕಟ್’ ಎಂಬ ಸದ್ದು ಅದರಿಂದಲೇ. ಇಂತಹ ಸದ್ದು ಎಷ್ಟೋ ಜನರಲ್ಲಿ ಇರುತ್ತದೆ. ಅವರಲ್ಲಿ ಬಹುಮಂದಿಗೆ ನೋವಿಲ್ಲ, ಊಟಕ್ಕೆ ಅಡ್ಡಿಯಿಲ್ಲ, ಚಿಕಿತ್ಸೆಯೂ ಬೇಕಾಗಿಲ್ಲ.

1934ರಲ್ಲಿ ಸೇಂಟ್ ಲೂಯಿಸಿನ ಜೇಮ್ಸ್ ಕಾಸ್ಟನ್ ಎಂಬ ಕಿವಿ ಮತ್ತು ಗಂಟಲಿನ ವೈದ್ಯನು, ಹಿಂದಿನ ಹಲ್ಲುಗಳು ಉದುರಿ ದವಡೆ ಕುಸಿಯುವುದರಿಂದ ಕಿವಿನೋವು, ತಲೆನೋವು ಮೊದಲಾದವು ಬರುತ್ತವೆ ಎಂದು ಬರೆದನು. ಅಲ್ಲಿಂದ ಮುಂದೆ ದಂತವೈದ್ಯರು ಕೀಲಿನ ಎಲ್ಲ ನೋವಿಗೂ ಹಲ್ಲುಗಳ ಕಚ್ಚನ್ನೇ ಹೊಣೆ ಮಾಡತೊಡಗಿದರು. ಹಲ್ಲು ಉಜ್ಜುವುದು, ದವಡೆಯನ್ನು ಬೇರೆ ಸ್ಥಾನಕ್ಕೆ ತರುವುದು ಎಲ್ಲವೂ ನಡೆದವು. ಈ ಮತವು ತಿರುಗಿ ವೈದ್ಯರ ಮೇಲೆಯೇ ಬಂದಿತು. 1987ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ನ್ಯಾಯಾಲಯವೊಂದರಲ್ಲಿ, ಹಲ್ಲು ತೆಗೆದು ತಂತಿ ಹಾಕಿದುದರಿಂದಲೇ ಕೀಲು ಕೆಟ್ಟಿತೆಂಬ ಆರೋಪದ ಮೇಲೆ ಒಬ್ಬ ವೈದ್ಯನು ಭಾರಿ ಪರಿಹಾರವನ್ನು ಕೊಡಬೇಕೆಂದು ತೀರ್ಪಾಯಿತು. ಕೀಳುವ ವಾದ ಮತ್ತು ಕೀಲಿನ ವಾದ ಎರಡೂ ಅಲ್ಲಿ ಒಂದಾಗಿ ಕೂಡಿದವು.

ಅಮೆರಿಕದ ತಜ್ಞರ ಸಂಘವು ಆಗ ಕೈಗೊಂಡ ಹೆಜ್ಜೆ ಮೆಚ್ಚತಕ್ಕದ್ದು. ನಮ್ಮ ಚಿಕಿತ್ಸೆಯಿಂದ ಕೀಲು ಕೆಡುವುದು ನಿಜವೋ ಸುಳ್ಳೋ ನೋಡಿಯೇ ಬಿಡೋಣವೆಂದು ಸಂಶೋಧನೆಗೆ ಹಣವನ್ನು ಒದಗಿಸಿತು. ಅದರ ಫಲಗಳು ಆ ಸಂಘದ ನಿಯತಕಾಲಿಕದ 1992ರ ಜನವರಿ ಸಂಚಿಕೆಯಲ್ಲಿ ಒಟ್ಟಾಗಿ ಪ್ರಕಟವಾದವು. ತಂತಿ ಹಾಕಿಸಿಕೊಂಡವರಲ್ಲಿ ಕೀಲಿನ ತೊಂದರೆ ಇತರರಿಗಿಂತ ಹೆಚ್ಚಾಗಿ ಕಾಣಲಿಲ್ಲ. ಹಲ್ಲು ತೆಗೆಸಿಕೊಂಡವರಲ್ಲಿಯೂ ಹೆಚ್ಚಿರಲಿಲ್ಲ. ಹಾಗೆಯೇ ತಂತಿ ಹಾಕಿಸಿಕೊಂಡರೆ ಮುಂದೆ ಕೀಲಿಗೆ ತೊಂದರೆ ಬರುವುದೇ ಇಲ್ಲವೆಂಬುದಕ್ಕೂ ಆಧಾರ ಸಿಗಲಿಲ್ಲ. ಎರಡನೆಯ ಮಾತು ವೈದ್ಯರ ಗಳಿಕೆಗೆ ಅನುಕೂಲವಾದುದಲ್ಲ, ಆದರೂ ಅದನ್ನು ಅವರು ಮುಚ್ಚಿಡಲಿಲ್ಲ. 1996ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಕರೆದ ತಜ್ಞರ ಸಭೆಯು, ಕೀಲಿನ ನೋವಿಗೆ ಮೊದಲು ಸೌಮ್ಯವಾದ ಉಪಾಯಗಳನ್ನೇ ಮಾಡಬೇಕು, ಮರಳಿ ಮೊದಲಿನಂತೆ ಮಾಡಲಾಗದ ಚಿಕಿತ್ಸೆಗೆ ಅವಸರಪಡಬಾರದು ಎಂಬ ಎಚ್ಚರಿಕೆಯನ್ನು ಕೊಟ್ಟಿತು. ಉಜ್ಜಿದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ಈ ಕಥೆಯನ್ನು ಕೇಳಿದ ಮೇಲೆ ಹುಡುಗಿಯ ತಂದೆಗೆ ನಾವು ಹೇಳಿದುದು ಇಷ್ಟು. “ನಿನ್ನ ಭಾವಮೈದುನನ ಮಾತನ್ನು ನಂಬಬೇಡ, ನಮ್ಮ ಮಾತನ್ನೂ ನಂಬಬೇಡ. ಯಾವ ಸಂಬಂಧವೂ ಇಲ್ಲದ ಒಂದು ಬೋಧನಾ ಆಸ್ಪತ್ರೆಯಲ್ಲಿ ತೋರಿಸು. ಮೂರು ಪ್ರಶ್ನೆ ಕೇಳು. ಸದ್ದಿಗೆ ಚಿಕಿತ್ಸೆ ಈಗ ಅಗತ್ಯವೆ? ಮಾಡದಿದ್ದರೆ ಏನಾಗುತ್ತದೆ? ಮಾಡಿದುದು ಹಿಡಿಸದಿದ್ದರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುತ್ತದೆಯೆ?” ಅಲ್ಲಿಯ ಪ್ರಾಧ್ಯಾಪಕರು ಬಾಯಿ ಎಷ್ಟು ತೆರೆಯುತ್ತದೆಂದು ಅಳೆದರು, ಸ್ನಾಯುಗಳನ್ನು ಒತ್ತಿ ನೋಡಿದರು, ಅಚ್ಚು ಮತ್ತು ಎಕ್ಸ್‌ರೇ ತೆಗೆದರು. ಕೀಲಿಗೆ ಏನೂ ಮಾಡಬೇಕಾಗಿಲ್ಲ, ಉಬ್ಬುಹಲ್ಲಿಗೆ ಚಿಕಿತ್ಸೆ ಬೇಕಿದ್ದರೆ ಮಾಡಬಹುದು, ಆದರೆ ಅದರಿಂದ ಸದ್ದು ನಿಲ್ಲುತ್ತದೆ ಎಂದು ಹೇಳಲಾರೆವು ಎಂದರು. ಮೇಲಿನ ಎರಡು ಸಣ್ಣ ದವಡೆಹಲ್ಲುಗಳನ್ನು ತೆಗೆಯಬೇಕೆಂದಾಗ ಅಜ್ಜಿಯ ಕಣ್ಣಿನ ಭಯ ಮತ್ತೆ ತಲೆಯೆತ್ತಿತು. ಹಲ್ಲಿನ ನರಕ್ಕೂ ದೃಷ್ಟಿಯ ನರಕ್ಕೂ ಸಂಬಂಧವಿಲ್ಲವೆಂಬುದನ್ನು ಆ ಪ್ರಾಧ್ಯಾಪಕರು ಚಿತ್ರ ಬರೆದು ತೋರಿಸಿ, ಆ ತಾಯಿಗೆ ಕಾಲು ಗಂಟೆ ಕುಳಿತು ಹೇಳಿದರು. ಚಿಕಿತ್ಸೆಗಿಂತ ಮೊದಲು ಭಯವನ್ನು ಇಳಿಸುವ ಆ ತಾಳ್ಮೆಯನ್ನು ನಾವು ಮರೆಯಲಾರೆವು.

ತಂತಿ ಇಪ್ಪತ್ತೇಳು ತಿಂಗಳು ಇದ್ದಿತು. ಹುಡುಗಿ ಚಕ್ಕುಲಿ, ನಿಪ್ಪಟ್ಟು, ಕಬ್ಬು ಬಿಟ್ಟಳು. ಕಟಕು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಉಂಡಳು. 2023ರಲ್ಲಿ ತಂತಿ ಬಿಚ್ಚಿದರು. ಹಲ್ಲುಗಳು ಹಳೆಯ ಜಾಗಕ್ಕೆ ಮರಳದಂತೆ ರಾತ್ರಿಯ ಹೊತ್ತು ಹಾಕಿಕೊಳ್ಳುವ ಹಿಡಿಕೆಯನ್ನು ಕೊಟ್ಟಿದ್ದಾರೆ. ಅದನ್ನು ಬಿಟ್ಟವರ ಹಲ್ಲುಗಳು ಮತ್ತೆ ಸರಿಯುತ್ತವೆ ಎಂಬುದು ಟ್ವೀಡನ ಕಾಲದಿಂದಲೂ ಕಂಡ ಸತ್ಯ. ಬಲಗಿವಿಯ ಮುಂದಿನ ‘ಕಟ್’ ಸದ್ದು ಇಂದಿಗೂ ಇದೆ. ನೋವು ಬಂದಿಲ್ಲ, ಬಾಯಿ ಬಿಗಿದಿಲ್ಲ. ಇಪ್ಪತ್ತು ವರ್ಷ ತುಂಬಿದ ದಿನ ಅವಳೇ ನಮಗೆ ಫೋನು ಮಾಡಿ, “ಅಜ್ಜಾ, ಬಾಯಿ ಬಿಗಿದಿಲ್ಲ, ಕೇಳ್ರಿ” ಎಂದು ನಕ್ಕಳು. ಆ ಸದ್ದನ್ನು ನಿಲ್ಲಿಸುವೆವೆಂದು ಅವಳ ಎಲ್ಲ ಹಲ್ಲುಗಳನ್ನೂ ಉಜ್ಜಿದ್ದರೆ, ಆ ತೊಡುಗೆಗಳನ್ನು ಅವಳು ಜನ್ಮವಿಡೀ ಬದಲಿಸುತ್ತ ಇರಬೇಕಾಗುತ್ತಿತ್ತು.

ಮನೆಮನೆಗೂ ಉಪಯೋಗವಾಗುವ ಕೆಲವು ಮಾತುಗಳನ್ನು ಇಲ್ಲಿ ಹೇಳಬಹುದು. ದವಡೆಯ ಕೀಲಿನಲ್ಲಿ ನೋವು ಬಂದಾಗ ಕೆಲವು ದಿನ ಮೆದುವಾದ ಆಹಾರ, ಬೆಚ್ಚಗಿನ ಬಟ್ಟೆಯ ಶಾಖ, ಬಾಯಿ ಬಹಳ ಅಗಲಿಸದಿರುವುದು, ವೈದ್ಯರು ಹೇಳಿದ ವ್ಯಾಯಾಮ ಇವುಗಳಿಂದ ಬಹಳಷ್ಟು ಜನರಿಗೆ ಗುಣ ಕಾಣುತ್ತದೆ. ಊಟವಿಲ್ಲದ ಹೊತ್ತಿನಲ್ಲಿ ತುಟಿಗಳು ಕೂಡಿರಬೇಕು, ಹಲ್ಲುಗಳು ಬಿಟ್ಟಿರಬೇಕು. ಚಿಂತೆಯಲ್ಲಿ ಹಲ್ಲು ಕಚ್ಚುವವರಿಗೆ ಮತ್ತು ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಇದು ಮುಖ್ಯ. ಆದರೆ ಬಾಯಿ ತಟ್ಟನೆ ಬಿಗಿದುಕೊಂಡರೆ, ತಮ್ಮದೇ ಮೂರು ಬೆರಳು ಹಿಡಿಸುವಷ್ಟು ತೆರೆಯದಿದ್ದರೆ, ಹಲ್ಲುಗಳ ಕಚ್ಚು ಇದ್ದಕ್ಕಿದ್ದಂತೆ ಬದಲಾದರೆ, ಊತ ಅಥವಾ ಜ್ವರ ಬಂದರೆ ತಡಮಾಡದೆ ತೋರಿಸಬೇಕು.

ಇನ್ನೆರಡು ಎಚ್ಚರಿಕೆಗಳು. ಸಣ್ಣ ಮಕ್ಕಳು ಗದ್ದ ಬಡಿಯುವಂತೆ ಬಿದ್ದಾಗ ಗದ್ದದ ಗಾಯಕ್ಕೆ ಹೊಲಿಗೆ ಹಾಕಿಸಿ ಸುಮ್ಮನಾಗುತ್ತಾರೆ. ಪೆಟ್ಟು ಮೇಲೇರಿ ಕಿವಿಯ ಮುಂದಿನ ಗುಬುಟು ಮುರಿದಿರಬಹುದು. ಅದನ್ನು ಕಾಣದೆ ಬಿಟ್ಟರೆ ಕೆಲವು ಮಕ್ಕಳಲ್ಲಿ ಕೀಲು ಎಲುಬಿನೊಡನೆ ಬೆಸೆದು ಬಾಯಿ ತೆರೆಯದಂತಾಗುತ್ತದೆ, ಕೆಳದವಡೆಯ ಬೆಳವಣಿಗೆಯೂ ಕುಂಠಿತವಾಗುತ್ತದೆ. ಅಂತಹ ಪೆಟ್ಟಾದಾಗ ಕೀಲನ್ನೂ ಪರೀಕ್ಷಿಸಲು ಕೇಳಬೇಕು. ಎರಡನೆಯದು ಅಡಿಕೆ ಮತ್ತು ಗುಟಕಾ. ಅಡಿಕೆ ಜಗಿಯುವವರ ಬಾಯಿ ದಿನೇ ದಿನೇ ಕಿರಿದಾಗುತ್ತಿದ್ದರೆ ಅದು ಕೀಲಿನ ರೋಗವಲ್ಲ. ಕೆನ್ನೆಯ ಒಳಪೊರೆಯೇ ನಾರುಗಟ್ಟಿ ಬಿಗಿಯುವ ರೋಗ, ಕ್ಯಾನ್ಸರಿಗೆ ದಾರಿ ಮಾಡಬಲ್ಲ ರೋಗ. ಮೊದಲು ಅಡಿಕೆಯನ್ನು ಬಿಡಬೇಕು, ಕೂಡಲೇ ವೈದ್ಯರನ್ನು ಕಾಣಬೇಕು.

ಹತ್ತನೆಯ ಮಹಾಸಭೆ 2025ರಲ್ಲಿ ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದಲ್ಲಿ ನಡೆಯಿತು. ದೂರದ ಊರಿನಲ್ಲಿ ವೈದ್ಯರು ಕೂಡಿ ಚರ್ಚಿಸಿದರೆ ನಮಗೇನು ಎಂದು ಯಾರಾದರೂ ಕೇಳಿದರೆ ನಮ್ಮ ಉತ್ತರ ಇದು. ಒಂಟಿಯಾಗಿ ಕುಳಿತ ವೈದ್ಯನಿಗೆ ತಾನು ಮಾಡಿದ ಚಿಕಿತ್ಸೆಯೆಲ್ಲ ಸರಿಯೆಂದೇ ಕಾಣಬಹುದು. ತನ್ನ ದಾಖಲೆಗಳನ್ನು ಸಮಾನರ ಮುಂದೆ ಹರವಿ, ಅವರ ಪ್ರಶ್ನೆಗೆ ಉತ್ತರ ಕೊಡಬೇಕಾದಾಗ ಮಾತ್ರ ಸರಿಯಾದುದು ಯಾವುದು, ಅತಿಯಾದುದು ಯಾವುದು ಎಂಬುದು ಬೇರ್ಪಡುತ್ತದೆ. ಹಾಗೆ ಬೇರ್ಪಟ್ಟ ತಿಳಿವಳಿಕೆಯು ಎಲ್ಲಿಯೋ ಒಂದು ಸಣ್ಣ ಊರಿನ ಹೆಣ್ಣುಮಗುವಿನ ಆರೋಗ್ಯವಾದ ಹಲ್ಲುಗಳನ್ನು ಕಾಯುತ್ತದೆ. ನಿಮ್ಮ ಮನೆಯ ಮಕ್ಕಳಿಗೆ ಚಿಕಿತ್ಸೆಯನ್ನು ನಿಶ್ಚಯಿಸುವಾಗ, ಇದನ್ನು ಮಾಡದಿದ್ದರೆ ಏನಾಗುತ್ತದೆ ಎಂದು ಸಂಕೋಚವಿಲ್ಲದೆ ಕೇಳಿರಿ. ಶಾಂತವಾಗಿ ಉತ್ತರ ಹೇಳುವ ವೈದ್ಯರನ್ನು ಆರಿಸಿಕೊಳ್ಳಿರಿ ಎಂಬುದು ಓದುಗ ಬಂಧುಗಳಲ್ಲಿ ನಮ್ಮ ಬಿನ್ನಹ.